ಬೆಳಗಾವಿ ಯಾರದ್ದು? ನಮ್ಮ ಗಲ್ಲಿಯಿಂದ ಕೆಲವು ಮಾತು

ಇವತ್ತು ಬೆಳಗಾವಿ ಬಗ್ಗೆ ಮಾತಾಡ್ತೀನಿ. ಬೆಳಗಾವಿ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ, ‘ಓ, ಮತ್ತೆ ಗಡಿ ಗಲಾಟೆ’ ಅಂದ್ಕೊಂಡಿರ್ತೀರಿ. ಗಡಿ ಬಗ್ಗೆ ಸ್ವಲ್ಪ ಹೇಳಲೇಬೇಕು, ಹೇಳ್ತೀನಿ. ಆದರೆ ನನಗೆ ಹೆಚ್ಚು ಹೇಳಬೇಕಾಗಿರೋದು ನಮ್ಮ ಗಲ್ಲಿಯ ಬಗ್ಗೆ.

ನಾನು ಹುಟ್ಟಿ ಬೆಳೆದದ್ದು ಶಹಾಪುರದಲ್ಲಿ. ಈಗ ಅದು ನಗರದ ನಡುವೆಯೇ ಇದೆ. ಆದರೆ ಸ್ವಾತಂತ್ರ್ಯಕ್ಕೆ ಮೊದಲು ಶಹಾಪುರ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ಬೆಳಗಾವಿ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಅಜ್ಜ ಸಾಯುವವರೆಗೂ ಕಪಿಲೇಶ್ವರ ಗುಡಿಗೆ ಹೊರಟರೆ ‘ಬೆಳಗಾವಿಗೆ ಹೋಗಿ ಬರ್ತೇನಿ’ ಅಂತಿದ್ದ. ಆ ಮನುಷ್ಯ ಮನೆ ಬದಲಿಸಲೇ ಇಲ್ಲ. ಒಂದೇ ಕಟ್ಟೆಯ ಮೇಲೆ ಕೂತು ಸಾಂಗಲಿ ಸಂಸ್ಥಾನ, ಮುಂಬಯಿ ರಾಜ್ಯ, ಮೈಸೂರು ರಾಜ್ಯ, ಕರ್ನಾಟಕ ಎಲ್ಲವನ್ನೂ ನೋಡಿದ. ಸರ್ಕಾರ ಬದಲಾದಾಗೆಲ್ಲ ಮನೆಪಟ್ಟಿ ಕಟ್ಟೋ ಜಾಗ ಬದಲಾಯ್ತು ಅಷ್ಟೇ, ಅಂತಿದ್ದ.

ಇನ್ನು ಇತಿಹಾಸ. ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದು ನಿಮಗೆ ಗೊತ್ತಿರೋದೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಚಂದಗಡ ತಾಲ್ಲೂಕೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆ ಪೂರ್ತಿ ಮೈಸೂರು ರಾಜ್ಯಕ್ಕೆ ಬಂತು. 1960ರಲ್ಲಿ ಹುಟ್ಟಿದ ಮಹಾರಾಷ್ಟ್ರ ಇದನ್ನು ಒಪ್ಪಲಿಲ್ಲ. ಜಿಲ್ಲೆ ಅಲ್ಲ, ಹಳ್ಳಿಯನ್ನು ಘಟಕ ಮಾಡಿ ಭಾಷೆ ಲೆಕ್ಕ ಹಾಕಿ ಅಂತ ಅವರ ವಾದ. 1966ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ಬಂತು, ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ ಅಂದಿತು. ಮಹಾರಾಷ್ಟ್ರ ಅದನ್ನೂ ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇನ್ನೂ ಅಂತಿಮ ತೀರ್ಪು ಬಂದಿಲ್ಲ.

ಇಲ್ಲೊಂದು ಮಾತು. ನಮ್ಮಲ್ಲಿ ‘ಮಹಾಜನ್ ವರದಿಯೇ ಅಂತಿಮ’ ಅಂತ ಘೋಷಣೆ ಕೂಗ್ತಾರೆ. ಅದೇ ವರದಿ ನಿಪ್ಪಾಣಿ, ಖಾನಾಪುರವನ್ನು ಮಹಾರಾಷ್ಟ್ರಕ್ಕೆ ಕೊಡಿ, ಅಕ್ಕಲಕೋಟೆ ಮತ್ತು ಜತ್ತ ತಾಲ್ಲೂಕಿನ ಕೆಲವು ಹಳ್ಳಿಗಳನ್ನು ತಗೊಳ್ಳಿ ಅಂತಲೂ ಹೇಳಿದೆ. ಘೋಷಣೆ ಕೂಗುವವರಲ್ಲಿ ಎಷ್ಟು ಜನ ನಿಪ್ಪಾಣಿ ಬಿಟ್ಟುಕೊಡೋಕೆ ತಯಾರಿದ್ದಾರೆ ಅಂತ ನಾನು ಒಮ್ಮೆ ಕ್ಲಾಸಿನಲ್ಲಿ ಕೇಳಿದೆ. ಒಬ್ಬ ಹುಡುಗನೂ ಕೈ ಎತ್ತಲಿಲ್ಲ. ಹೌದು, ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡೋನು.

ನಾನು ಕನ್ನಡಿಗ. ಬೆಳಗಾವಿ ಕರ್ನಾಟಕದಲ್ಲೇ ಇರಬೇಕು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಇಲ್ಲಿಯ ಕನ್ನಡಿಗರ ನೋವೂ ಸುಳ್ಳಲ್ಲ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಗೆ ಹೋಗಬೇಕಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಬೆವರು ಸುರಿಸಿದ್ದು ಅದಕ್ಕೇ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಮ್ಮೂರಲ್ಲಿ ನಡೆದಾಗ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತ್ತು ಅನ್ನೋದು ನಮಗೆಲ್ಲ ಹೆಮ್ಮೆ. ನಮ್ಮವ್ವ ಮದುವೆಯಾಗಿ ಬಂದ ಹೊಸದರಲ್ಲಿ ಗಣಪತ ಗಲ್ಲಿಯ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಮುಖ ತಿರುಗಿಸ್ತಿದ್ದರಂತೆ. ಆಕೆ ಅದನ್ನ ಇವತ್ತಿಗೂ ಮರೆತಿಲ್ಲ. ಮರೀಬೇಕು ಅಂತ ಹೇಳೋಕೆ ನಾನ್ಯಾರು?

ಆದರೆ ಅದೇ ಅವ್ವನ ಅತ್ಯಂತ ಹತ್ತಿರದ ಗೆಳತಿ ಅಂದ್ರೆ ಪಕ್ಕದ ಮನೆಯ ಕಾಕು. ಮರಾಠಿಯವರು. ನಾವು ಕಾಕು ಅಂತೀವಿ, ಅವರ ಮಕ್ಕಳು ನಮ್ಮವ್ವನಿಗೆ ಮಾವಶಿ ಅಂತಾರೆ. ಬೆಳಗಾವಿಯ ಕನ್ನಡದ ಮನೆಗಳಲ್ಲೇ ಕಾಕಾ, ವೈನಿ, ಆಯಿ ಅಂತ ಕರೀತಾರೆ, ಬೆಂಗಳೂರಿನವರು ಕೇಳಿದರೆ ಇವರು ಮರಾಠಿಯವರೇ ಅಂದುಬಿಡ್ತಾರೆ. ಇನ್ನು ಕಾಕುವಿನ ಮರಾಠಿಯನ್ನು ಪುಣೆಯವರು ಕೇಳಿದರೆ ನಗ್ತಾರೆ, ಅದರಲ್ಲಿ ಅಷ್ಟು ಕನ್ನಡ ಇದೆ.

ಚಿಕ್ಕವನಿದ್ದಾಗ ಒಮ್ಮೆ ಜನಗಣತಿಯವರು ಮನೆಗೆ ಬಂದರು. ‘ಮಾತೃಭಾಷೆ ಯಾವುದು?’ ಅಂತ ನಮ್ಮ ಮುತ್ತಜ್ಜಿಯನ್ನ ಕೇಳಿದರು. ಆಕೆ ಹುಟ್ಟಿದ್ದು ಚಂದಗಡ ಕಡೆ, ಮಾತಾಡ್ತಿದ್ದದ್ದು ಎರಡೂ. ‘ಯಾರ ಕೂಡ?’ ಅಂತ ತಿರುಗಿ ಕೇಳಿದಳು. ಬಂದಿದ್ದ ಮಾಸ್ತರು ನಕ್ಕು ಏನೋ ಬರಕೊಂಡು ಹೋದರು. ಏನು ಬರೆದರು ಅಂತ ನಮಗೆ ತಿಳೀಲಿಲ್ಲ. ನೋಡಿ, ಇಡೀ ಗಡಿ ವಾದ ನಿಂತಿರೋದು ಇಂಥ ಒಂದು ಕಾಲಮ್ಮಿನ ಮೇಲೆ, ಅದೂ 1951ರ ಗಣತಿಯ ಮೇಲೆ. ಬೆಲ್ಜಿಯಂ ದೇಶದಲ್ಲೂ ಹೀಗೇ ಫ್ರೆಂಚ್ ಮತ್ತು ಡಚ್ ಭಾಷೆಗಳ ಜಗಳ. ಭಾಷಾಗಡಿ ಎಳೆಯೋ ಹೊತ್ತಿಗೆ ಅವರು ಗಣತಿಯಲ್ಲಿ ಭಾಷೆ ಕೇಳೋದನ್ನೇ ನಿಲ್ಲಿಸಿಬಿಟ್ಟರು. ಎಣಿಸಿದಷ್ಟೂ ಜಗಳ ಅಂತ. ನಾವೂ ಹಾಗೇ ಮಾಡಬೇಕು ಅಂತ ನಾನು ಹೇಳ್ತಿಲ್ಲ. ಎಣಿಕೆ ಇಲ್ಲದಿದ್ದರೆ ಅಲ್ಪಸಂಖ್ಯಾತರಿಗೆ ಹಕ್ಕು ಕೇಳೋಕೂ ಆಧಾರ ಇರಲ್ಲ.

ಈಗ ನಾನು ನಾಚಿಕೆ ಪಟ್ಟುಕೊಳ್ಳೋ ಒಂದು ವಿಷಯ ಹೇಳ್ತೀನಿ.

ಕೆಲವು ವರ್ಷದ ಹಿಂದೆ ಕಾಕುವಿನ ಗಂಡ ತೀರಿಕೊಂಡರು. ಮನೆ ಉತಾರ ಅವರ ಹೆಸರಿಗೆ ಮಾಡಿಸಬೇಕಿತ್ತು. ಅರ್ಜಿ ಕನ್ನಡದಲ್ಲಿತ್ತು. ಕಾಕು ಕನ್ನಡ ಚೆನ್ನಾಗಿಯೇ ಮಾತಾಡ್ತಾರೆ, ಆದರೆ ಓದೋಕೆ ಬರಲ್ಲ. ‘ಇದರಾಗ ಏನ್ ಬರದೈತಿ, ಓದಿ ಹೇಳ ಬಾಳಾ’ ಅಂತ ನನ್ನ ಕರೆದುಕೊಂಡು ಹೋದರು. ನಾನೇ ತುಂಬಿಕೊಟ್ಟೆ. ಕಚೇರಿಯಲ್ಲಿ ಕಿಟಕಿಯ ಆಚೆ ಕೂತವರು ಸಹಿ ನೋಡಿದರು. ಮರಾಠಿಯಲ್ಲಿತ್ತು. ‘ಐವತ್ತು ವರ್ಷದಿಂದ ಇಲ್ಲೇ ಅದೀರಿ, ಸಹಿ ಮಾಡೂವಷ್ಟು ಕನ್ನಡ ಬರೂದಿಲ್ಲಾ? ಹಂಗಾರ ಮಹಾರಾಷ್ಟ್ರಕ್ಕ ಹೋಗ್ರಿ’ ಅಂದರು. ಹಿಂದೆ ಸಾಲಿನಲ್ಲಿ ನಿಂತಿದ್ದ ಇಬ್ಬರು ನಕ್ಕರು.

ನಾನು ಸುಮ್ಮನಿದ್ದೆ. ಸಹಿ ಯಾವ ಭಾಷೆಯಲ್ಲಾದರೂ ಇರಬಹುದು ಅಂತ ಹೇಳಬಹುದಿತ್ತು. ರಾಜ್ಯಶಾಸ್ತ್ರ ಹೇಳಿಕೊಡೋ ನನಗೆ, ನಮ್ಮ ದೇಶದಲ್ಲಿ ಒಂದೇ ಪೌರತ್ವ, ರಾಜ್ಯದ ಪೌರತ್ವ ಅಂತ ಬೇರೆ ಇಲ್ಲ ಅನ್ನೋದು ಬಾಯಿಪಾಠ. 1956ರಲ್ಲೇ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿದರು, ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ. ಒಂದು ನಗರಸಭೆ ವ್ಯಾಪ್ತಿಯಲ್ಲಿ ಶೇ 15ಕ್ಕಿಂತ ಹೆಚ್ಚು ಜನ ಒಂದು ಭಾಷೆಯವರಿದ್ದರೆ ಮುಖ್ಯ ಸೂಚನೆಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕು ಅಂತ ಕೇಂದ್ರ ಆಗಲೇ ಒಪ್ಪಿದ ಸೂತ್ರ ಇದೆ. ಪರೀಕ್ಷೆಗೆ ಬರೋ ಪ್ರಶ್ನೆ ಅದು. ಆ ಕಿಟಕಿಯ ಮುಂದೆ ನನಗೆ ಯಾವುದೂ ಬಾಯಿಗೆ ಬರಲಿಲ್ಲ. ಯಾಕೆ ಅಂತ ನನಗೆ ಗೊತ್ತು. ಮಾತಾಡಿದ್ದರೆ ‘ನೀವು ಕನ್ನಡದವರಾಗಿ ಹಿಂಗಂತೀರಲ್ಲಾ’ ಅನ್ನೋ ಮಾತು ಬರ್ತಿತ್ತು. ಅದಕ್ಕೆ ಹೆದರಿದೆ. ಮನೆಗೆ ಬರುವಾಗ ಕಾಕು ಆಟೊದಲ್ಲಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ದಾರಿಯಲ್ಲಿ ಇಳಿದು ಅವ್ವನಿಗೆ ಅಂತ ಕುಂದಾ ತಗೊಂಡರು.

ಇದರ ಇನ್ನೊಂದು ಮುಖ ನಮ್ಮ ಅಕ್ಕ. ದೊಡ್ಡಪ್ಪನ ಮಗಳು, ಜತ್ತ ತಾಲ್ಲೂಕಿನ ಹಳ್ಳಿಗೆ ಕೊಟ್ಟಿದೆ. ಜತ್ತ ಅಂದರೆ ಸಾಂಗಲಿ ಜಿಲ್ಲೆ, ಅಥಣಿ ದಾಟಿದರೆ ಸಿಗುತ್ತೆ. ಊರಿನ ತುಂಬ ಕನ್ನಡ. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು, ಆಮೇಲೆ ನೌಕರಿಗೆ ಮರಾಠಿ ಬೇಕು ಅಂತ ತಿಣುಕಾಡಿದರು. ಅಕ್ಕನೂ ಅಲ್ಲಿ ಒಂದು ಕಡೆ ‘ಕರ್ನಾಟಕಾತ್ ಜಾ’ ಅನ್ನೋ ಮಾತು ಕೇಳಿಸಿಕೊಂಡಿದ್ದಾಳೆ. ಅವಳು ನನ್ನ ಹಾಗಲ್ಲ, ತಿರುಗಿಸಿ ಬೈದು ಬಂದಳು. 2022ರಲ್ಲಿ ನಮ್ಮ ಮುಖ್ಯಮಂತ್ರಿಗಳಾಗಿದ್ದ ಬೊಮ್ಮಾಯಿಯವರು ಜತ್ತದ ನಲವತ್ತು ಹಳ್ಳಿಗಳ ಮಾತು ಎತ್ತಿದರಲ್ಲ, ಆಗ ನಾನು ಫೋನ್ ಮಾಡಿ ‘ಏನಕ್ಕಾ, ಇಕಡೆ ಬರ್ತೀರೇನು?’ ಅಂದೆ. ‘ನೀರ್ ಯಾರ್ ಕೊಡ್ತಾರ ಅವರ ಕಡೆ ಬರ್ತೇವಪಾ’ ಅಂದಳು. ಆ ಹಳ್ಳಿಗಳು ಹಿಂದೆ ಕರ್ನಾಟಕ ಸೇರ್ತೀವಿ ಅಂತ ಠರಾವು ಮಾಡಿದ್ದೂ ನೀರಿನ ಬರಕ್ಕೆ ಬೇಸತ್ತೇ.

ಅದಾದ ಕೆಲವೇ ದಿನಕ್ಕೆ, ಡಿಸೆಂಬರಿನಲ್ಲಿ, ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಬಸ್ ನಿಂತವು. ಅಕ್ಕ ಆಗ ಕಣ್ಣಿನ ಆಪರೇಷನ್ನಿಗೆ ಅಂತ ನಮ್ಮ ಮನೆಗೆ ಬಂದಿದ್ದಳು. ವಾಪಸ್ ಹೋಗೋಕೆ ಆಗದೆ ಕಾಕು ಮನೆಯ ಕಟ್ಟೆ ಮೇಲೆ ಕಪ್ಪು ಕನ್ನಡಕ ಹಾಕ್ಕೊಂಡು ಕೂತಿರ್ತಿದ್ದಳು. ಮಹಾರಾಷ್ಟ್ರದಲ್ಲಿರೋ ಕನ್ನಡದವಳು, ಕರ್ನಾಟಕದಲ್ಲಿರೋ ಮರಾಠಿಯವಳು. ಇಬ್ಬರೂ ಕೂತು ಟಿವಿಯಲ್ಲಿ ಬರ್ತಿದ್ದ ಎರಡೂ ಕಡೆಯವರನ್ನ ಬೈತಿದ್ದರು.

ಸರಿ, ಈಗ ನಗರಕ್ಕೆ ಬರ್ತೀನಿ. ನಮ್ಮ ಪಾಲಿಕೆಯಲ್ಲಿ ಬಹಳ ಕಾಲ ಇದ್ದದ್ದು ಎರಡೇ ಪಕ್ಷ. ಕನ್ನಡ ಗುಂಪು, ಮರಾಠಿ ಗುಂಪು. ಮೇಯರ್ ಯಾರು ಅಂತ ಆಗ್ತಿದ್ದದ್ದು ಗಟಾರದ ಮೇಲಲ್ಲ, ಭಾಷೆಯ ಮೇಲೆ. 2005ರಲ್ಲಿ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರಿಸಿ ಅಂತ ಠರಾವು ಮಾಡಿತು. ಮೇಯರ್ ಮುಖಕ್ಕೆ ಬೆಂಗಳೂರಿನಲ್ಲಿ ಮಸಿ ಬಿತ್ತು, ಸರ್ಕಾರ ಪಾಲಿಕೆಯನ್ನೇ ಸೂಪರ್‌ಸೀಡ್ ಮಾಡಿತು. ಆ ಠರಾವು ತಪ್ಪು ಅಂತಲೇ ನಾನು ಹೇಳೋದು, ಪಾಲಿಕೆಯ ಕೆಲಸ ಅದಲ್ಲ. ಆದರೆ ಅದರ ಶಿಕ್ಷೆ ಬಿದ್ದದ್ದು ಯಾರಿಗೆ? ಕನ್ನಡದ ವಾರ್ಡಿನವರೂ ತಮ್ಮ ಸದಸ್ಯರನ್ನ ಕಳಕೊಂಡರು.

ಇನ್ನೊಂದು ನೋಡಿ. 2021ರ ಸೆಪ್ಟೆಂಬರಿನಲ್ಲಿ ಪಾಲಿಕೆ ಚುನಾವಣೆ ಆಯ್ತು. ಈ ಸಲ ಪಕ್ಷದ ಚಿಹ್ನೆಯ ಮೇಲೆ ಸ್ಪರ್ಧೆ. 58 ವಾರ್ಡುಗಳಲ್ಲಿ 35 ಬಿಜೆಪಿಗೆ. ಎಷ್ಟೋ ವರ್ಷ ಅಧಿಕಾರ ಹಿಡಿದಿದ್ದ ಮಹಾರಾಷ್ಟ್ರ ಏಕೀಕರಣ ಸಮಿತಿ ಮೂಲೆಗೆ ಸರಿಯಿತು. ಭಾಷೆ ರಾಜಕೀಯ ಮುಗೀತು ಅಂತ ಪತ್ರಿಕೆಯವರು ಬರೆದರು. ಆದರೆ ಮೇಯರ್ ಆಯ್ಕೆ ಆಗಿದ್ದು ಯಾವಾಗ? 2023ರ ಫೆಬ್ರುವರಿಯಲ್ಲಿ. ಗೆದ್ದವರು ಹದಿನೇಳು ತಿಂಗಳು ಸುಮ್ಮನೆ ಕೂತಿದ್ದರು. ಧ್ವಜಸ್ತಂಭಕ್ಕಾಗಿ, ಪ್ರತಿಮೆಗಾಗಿ, ಬೋರ್ಡಿಗಾಗಿ ಬೀದಿಗಿಳಿಯೋ ಎರಡೂ ಕಡೆಯ ಸಂಘಟನೆಗಳಲ್ಲಿ ಒಂದೂ ಇದಕ್ಕಾಗಿ ಊರು ಬಂದ್ ಮಾಡಿದ್ದು ನಾನು ನೋಡಲಿಲ್ಲ. ಚಳಿಗಾಲದ ಅಧಿವೇಶನಕ್ಕೆ ಸುವರ್ಣ ವಿಧಾನಸೌಧ ಕಟ್ಟಿದ್ದು ಈ ನಗರ ನಮ್ಮದು ಅಂತ ತೋರಿಸೋಕೆ. ಆ ನಗರಕ್ಕೆ ಒಂದೂವರೆ ವರ್ಷದ ಹತ್ತಿರ ಹತ್ತಿರ ಮೇಯರ್ ಇಲ್ಲ ಅಂದರೆ ಯಾರ ಸ್ವಾಭಿಮಾನಕ್ಕೂ ಧಕ್ಕೆ ಆಗಲಿಲ್ಲ.

ಜನ ಒಟ್ಟಿಗೆ ಸೇರೋದೇ ಇಲ್ಲ ಅಂತಲ್ಲ. ಹಲಗಾ–ಮಚ್ಛೆ ಬೈಪಾಸಿಗೆ ಅಂತ ಶಹಾಪುರ, ವಡಗಾವಿ, ಅನಗೋಳ ಕಡೆಯ ಭತ್ತದ ಗದ್ದೆಗಳನ್ನು ತೆಗೆದುಕೊಳ್ಳೋಕೆ ಬಂದಾಗ ರೈತರು ಕೋರ್ಟಿಗೂ ಹೋದರು, ಬುಲ್ಡೋಜರ್ ಮುಂದೆಯೂ ಕೂತರು. ಅಲ್ಲಿ ಹಸಿರು ಶಾಲು ಒಂದೇ. ಯಾರು ಯಾವ ಭಾಷೆಯಲ್ಲಿ ಅಳ್ತಿದ್ದಾರೆ ಅಂತ ಯಾರೂ ಕೇಳಲಿಲ್ಲ. ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಗದ್ದೆಯೂ ಅದರಲ್ಲಿತ್ತು. ಅವನು ನವೆಂಬರ್ 1ಕ್ಕೆ ಕಪ್ಪು ಬಟ್ಟೆ ಮೆರವಣಿಗೆಗೆ ಹೋಗೋ ಮನೆಯವನು. ಅವರಪ್ಪನ ಪಕ್ಕ ಕೂತಿದ್ದವರು ಅದೇ ದಿನ ಚನ್ನಮ್ಮ ವೃತ್ತದಲ್ಲಿ ಹಳದಿ ಕೆಂಪು ಬಾವುಟ ಹಿಡಿಯೋರು. ಈಗಲೂ ನವೆಂಬರ್ 1 ಬಂದರೆ ಇಬ್ಬರೂ ತಮ್ಮ ತಮ್ಮ ಮೆರವಣಿಗೆಗೇ ಹೋಗ್ತಾರೆ, ಅದು ಬೇರೆ ಮಾತು.

ಹೋದ ವಾರದ್ದು ಹೇಳಿ ಮುಗಿಸ್ತೀನಿ. ನಮ್ಮ ಗಲ್ಲಿಯ ಮೂಲೆಯಲ್ಲಿ ಒಂದು ಹಲಗೆ ಇದೆ. ನೀರು ಬಿಡೋ ದಿನ ಬದಲಾಗಿದೆ ಅಂತ ಅಲ್ಲಿ ಚೀಟಿ ಅಂಟಿಸಿದ್ದರು, ಕನ್ನಡದಲ್ಲಿ. ಕಾಕು ಎಂದಿನ ಹಾಗೆ ಹಳೇ ದಿನಕ್ಕೇ ಕೊಡಗಳನ್ನ ಸಾಲಾಗಿ ಇಟ್ಟುಕೊಂಡು ಬೆಳಿಗ್ಗೆ ಐದರಿಂದ ಕಾದಿದ್ದರು. ನಾನು ಸಂಜೆ ಹೋಗಿ ಆ ಚೀಟಿಯ ಕೆಳಗೆ ಮರಾಠಿಯಲ್ಲಿ ಎರಡು ಸಾಲು ಬರೆದೆ, ನನ್ನದು ಅಷ್ಟೇನೂ ಚೆನ್ನಾಗಿಲ್ಲದ ಮರಾಠಿ. ಮರುದಿನ ನೋಡಿದರೆ ಕೆಳಗಿನ ಅರ್ಧ ಯಾರೋ ಹರಿದಿದ್ದರು. ಅವ್ವ ಹೇಳಿದಳು, ‘ಬಿಡು, ಸುಮ್ಮನ ಯಾಕ ಊರ ಜಗಳಾ, ನಾನ ಹೋಗಿ ಆಕಿಗೆ ಹೇಳಿ ಬರ್ತೇನಿ.’ ನಾನು ಮತ್ತೆ ಬರೆದು ಅಂಟಿಸಿ ಬಂದಿದ್ದೀನಿ, ಈ ಸಲ ಕೆಳಗೆ ನನ್ನ ಹೆಸರೂ ಹಾಕಿದೀನಿ. ಇವತ್ತು ಈ ರೆಕಾರ್ಡಿಂಗ್ ಮುಗಿಸಿ ಹೋಗುವಾಗ ನೋಡಬೇಕು, ಇದೆಯೋ ಇಲ್ಲವೋ ಅಂತ.