ಕನ್ನಂಬಾಡಿಯ ನೀರು, ಪರದೆಯ ಗೆರೆ

ಮಳೆಗಾಲ ಶುರುವಾಯಿತೆಂದರೆ ಮಂಡ್ಯ, ಮೈಸೂರು ಕಡೆಯ ಹಿರಿಯರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಒಂದು ಪುಟ್ಟ ಚೌಕವನ್ನು. ಕೆಆರ್‌ಎಸ್ ಅಂದರೆ ಕನ್ನಂಬಾಡಿ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಹೋದ ವಾರಕ್ಕಿಂತ ಎಷ್ಟು ಏರಿತು ಎಂದು ಕೇಳಿದರೆ ಮಾತ್ರ ಕಷ್ಟ. ಹೋದ ವಾರದ ಪತ್ರಿಕೆಯಲ್ಲಿ ಅಷ್ಟು ಹೊತ್ತಿಗೆ ಯಾರೋ ಕಡಲೆಕಾಯಿ ಸಿಪ್ಪೆ ಸುತ್ತಿ ಎಸೆದಿರುತ್ತಾರೆ!

ನಿಮ್ಮ ಶಾಲೆಗೊಂದು ಜಾಲತಾಣವಿದೆ ಎಂದುಕೊಳ್ಳಿ. ತರಗತಿಯವರು ಸರದಿಯ ಮೇಲೆ ದಿನವೂ ಅಣೆಕಟ್ಟೆಯ ಮಟ್ಟವನ್ನು ಅದರಲ್ಲಿ ಬರೆದು ಹಾಕುತ್ತೀರಿ. ಮೊದಲ ಪುಟದಲ್ಲಿ ಒಂದು ಗೆರೆನಕ್ಷೆ ಇರಬೇಕು, ಇಂದಿನ ಅಂಕಿ ಬರೆದು ಉಳಿಸಿದ ಮೇಲೆ ಗೆರೆ ತಾನಾಗಿಯೇ ಮುಂದುವರಿಯಬೇಕು ಎಂಬುದು ನಿಮ್ಮ ಆಸೆ. ಯಾರೂ ದಿನಾ ಕೂತು ಚಿತ್ರ ಬಿಡಿಸಬೇಕಾಗಿಲ್ಲ.

ಇದಕ್ಕೆ ಎರಡು ತಂತ್ರಾಂಶಗಳು ಬೇಕು. ಬರಹಗಳನ್ನು ಜೋಪಾನವಾಗಿಟ್ಟು ಪುಟವಾಗಿ ತೋರಿಸುವುದು ಒಂದು. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಈ ಜಾತಿಯದು. ಇವನ್ನು ವಿಷಯ ನಿರ್ವಹಣಾ ವ್ಯವಸ್ಥೆ ಎನ್ನುತ್ತಾರೆ, ಬಳಸುವವರ ಬಾಯಲ್ಲಿ ಬರೀ ಸಿಎಂಎಸ್. ಅಂಕಿಗಳನ್ನು ಚಿತ್ರವಾಗಿಸುವುದು ಇನ್ನೊಂದು, ಟ್ಯಾಬ್ಲೋ, ಡೇಟಾರ‍್ಯಾಪರ್ ಥರದ್ದು. ಅಂಕಿಯನ್ನು ಗೆರೆಯಾಗಿಸುವ ಉಪಾಯ ಮಾತ್ರ ಕಂಪ್ಯೂಟರಿಗಿಂತ ತುಂಬಾ ಹಳೆಯದು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲೇ ಇಂಗ್ಲೆಂಡಿನ ಆಮದು–ರಫ್ತುಗಳನ್ನು ಹೀಗೆ ಗೆರೆ ಎಳೆದು ಪುಸ್ತಕ ಮಾಡಿದ್ದ.

ಈ ಎರಡು ತಂತ್ರಾಂಶಗಳು ಪರಸ್ಪರ ಮಾತಾಡುವುದು ಹೇಗೆ? ಸಿಎಂಎಸ್‌ನಲ್ಲಿ ಮನುಷ್ಯರು ಓದುವ ಪುಟಗಳ ಜೊತೆಗೆ, ಬೇರೆ ತಂತ್ರಾಂಶಗಳು ಬಂದು ಕೇಳಲೆಂದೇ ಕೆಲವು ವಿಳಾಸಗಳಿರುತ್ತವೆ. ಈ ಏರ್ಪಾಡಿಗೆ ಎಪಿಐ ಎಂದು ಹೆಸರು. ಅಲ್ಲಿ ಕೇಳಿದರೆ ಬಣ್ಣ, ಅಲಂಕಾರ ಏನೂ ಇಲ್ಲದ ಉತ್ತರ ಬರುತ್ತದೆ: ‘ಜಲಾಶಯ: ಕೆಆರ್‌ಎಸ್, ಮಟ್ಟ: 110.40’. ಹೆಸರು, ಅದರ ಮುಂದೆ ಬೆಲೆ, ಅಷ್ಟೇ. ಹೀಗೆ ಬರೆಯುವ ಕ್ರಮಕ್ಕೆ ಜೇಸನ್ ಎನ್ನುತ್ತಾರೆ. ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಸಾಲು–ಕಂಬಗಳ ಕೋಷ್ಟಕ ಬೇಕಿದ್ದರೆ, ಜೇಸನ್ನನ್ನು ಕೋಷ್ಟಕ ಮಾಡಿಕೊಡುವ ಚಿಕ್ಕ ಪ್ರೋಗ್ರಾಂ ಒಂದನ್ನು ನಡುವೆ ಇಡುತ್ತಾರೆ.

ಕೇಳಲು ಸುಲಭ. ಜೋಡಿಸುವುದೂ ಅಂಥ ಕಷ್ಟವೇನಲ್ಲ. ತೊಡಕಿರುವುದು ನಾವು ಬರೆಯುವ ರೀತಿಯಲ್ಲಿ.

‘ನಿನ್ನೆ ಕೊಡಗಿನಲ್ಲಿ ಜೋರು ಮಳೆ, ಕನ್ನಂಬಾಡಿ ನೂರಹತ್ತು ಅಡಿ ದಾಟಿದೆ’ ಎಂದು ಬರೆದಿದ್ದೀರಿ ಅನ್ನಿ. ಓದುವವರಿಗೆ ಇದು ಸೊಗಸಾದ ವಾಕ್ಯ, ನಕ್ಷೆಯ ತಂತ್ರಾಂಶಕ್ಕೆ ಬರೀ ಅಕ್ಷರಗಳ ಉದ್ದ ಸಾಲು. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಗೊಂದು ಬಟ್ಟಲು, ಜೀರಿಗೆಗೊಂದು ಬಟ್ಟಲು ಇರುವ ಹಾಗೆ ದಿನಾಂಕಕ್ಕೊಂದು, ಮಟ್ಟಕ್ಕೊಂದು, ಒಳಹರಿವಿಗೊಂದು ಖಾನೆಯನ್ನು ಸಿಎಂಎಸ್‌ನಲ್ಲಿ ಮೊದಲೇ ಮಾಡಿಡಬೇಕು. ವರ್ಡ್‌ಪ್ರೆಸ್‌ನಲ್ಲಿ ಖಾನೆ ಮಾಡಿದರಷ್ಟೇ ಸಾಲದು. ‘ಇದನ್ನು ಎಪಿಐನಲ್ಲಿ ತೋರಿಸು’ ಎಂದೂ ಹೇಳಬೇಕು. ಹೇಳದಿದ್ದರೆ ಮಟ್ಟ ನಿಮ್ಮ ಕಣ್ಣಿಗೆ ಕಾಣುತ್ತದೆ, ಉತ್ತರದಲ್ಲಿ ಮಾತ್ರ ಬರುವುದಿಲ್ಲ.

ಆಮೇಲೆ ಅಂಕಿಯ ಕಥೆ. ‘೧೧೦’ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ನೋಡಲು ಎಷ್ಟು ಚೆಂದ! ಆದರೆ ಅನೇಕ ತಂತ್ರಾಂಶಗಳು ಅದನ್ನು ಸಂಖ್ಯೆಯೆಂದು ಒಪ್ಪದೆ ಅಕ್ಷರದ ಸಾಲಿಗೆ ಸೇರಿಸುತ್ತವೆ. ಇದು ನನಗೆ ಅಷ್ಟೇನೂ ಹಿಡಿಸದ ವಿಷಯ. ಖಾನೆಯೊಳಗೆ 110 ಎಂದೇ ಇಟ್ಟು, ಪುಟದಲ್ಲಿ ತೋರಿಸುವಾಗ ಕನ್ನಡ ಅಂಕಿಗೆ ಬದಲಿಸಿಕೊಳ್ಳುವುದು ಸದ್ಯದ ದಾರಿ. ‘110 ಅಡಿ’ ಎಂದು ಜೊತೆಗೆ ಅಡಿ ಸೇರಿಸಿದರೂ ಅದೇ ಪಾಡು. ದಿನಾಂಕ 03-08 ಎಂದರೆ ನಮಗೆ ಆಗಸ್ಟ್ 3, ಅಮೆರಿಕದವರಿಗೆ ಮಾರ್ಚ್ 8. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಈ ಜಗಳವಿಲ್ಲ.

ಇಷ್ಟೆಲ್ಲ ಸರಿಮಾಡಿ ಜೋಡಿಸಿದ ಮೇಲೂ ನಕ್ಷೆಯಲ್ಲಿ ಹತ್ತೇ ಚುಕ್ಕಿ ಬಂದರೆ ಗಾಬರಿಯಾಗಬೇಡಿ. ಎಷ್ಟು ಬೇಕೆಂದು ಹೇಳದಿದ್ದರೆ ವರ್ಡ್‌ಪ್ರೆಸ್ ಒಂದು ಸಲಕ್ಕೆ 10 ಬರಹಗಳನ್ನಷ್ಟೇ ಕೊಡುತ್ತದೆ. ಹೇಳಿ ಕೇಳಿದರೂ 100ಕ್ಕಿಂತ ಹೆಚ್ಚಿಲ್ಲ. ಇಡೀ ವರ್ಷದ ಲೆಕ್ಕ ಬೇಕಿದ್ದರೆ ಮೊದಲ ಪುಟ, ಎರಡನೇ ಪುಟ ಎಂದು ಬಿಡದೆ ಕೇಳುತ್ತಾ ಹೋಗಬೇಕು.

ನನಗೆ ಎಲ್ಲಕ್ಕಿಂತ ತಮಾಷೆಯಾಗಿ ಕಾಣುವುದು ಭಾನುವಾರದ ಫಜೀತಿ. ಶಾಲೆಗೆ ರಜೆ, ಯಾರೂ ಅಂಕಿ ಬರೆದಿಲ್ಲ, ಖಾನೆ ಖಾಲಿ. ಆ ಖಾಲಿಯನ್ನು ನಡುವಿನ ಪ್ರೋಗ್ರಾಂ ಸೊನ್ನೆ ಎಂದು ಓದಿತೆನ್ನಿ. ಶನಿವಾರ 110 ಅಡಿಯಲ್ಲಿದ್ದ ಗೆರೆ ಭಾನುವಾರ ನೆಲಕ್ಕೆ ಬಿದ್ದು ಸೋಮವಾರ ಮತ್ತೆ ಮೇಲೇಳುತ್ತದೆ. ತುಂಬಿದಾಗ ಸುಮಾರು 49 ಟಿಎಂಸಿ ನೀರು ಹಿಡಿಯುವ ಅಣೆಕಟ್ಟೆ ಅದು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಅಷ್ಟು ದೊಡ್ಡ ಜಲಾಶಯ ಒಂದು ರಜೆಯಲ್ಲಿ ಬರಿದಾಗಿ ಬೆಳಗಾಗುವಷ್ಟರಲ್ಲಿ ತುಂಬಿತು ಎಂದು ನಿಮ್ಮ ನಕ್ಷೆ ಊರಿಗೆಲ್ಲ ಹೇಳುತ್ತಿರುತ್ತದೆ. ಅಂಕಿ ಇಲ್ಲ ಎನ್ನುವುದೇ ಬೇರೆ, ಅಂಕಿ ಸೊನ್ನೆ ಎನ್ನುವುದೇ ಬೇರೆ. ಖಾಲಿಯನ್ನು ಖಾಲಿಯಾಗಿಯೇ ದಾಟಿಸುವಂತೆ ಆ ಪ್ರೋಗ್ರಾಂ ಬರೆಯಿರಿ. ಅಂಕಿ ಇಲ್ಲದ ಕಡೆ ಗೆರೆಯನ್ನು ತುಂಡಾಗಿ ಬಿಡುವ ಆಯ್ಕೆ ನಕ್ಷೆಯ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಇರುತ್ತದೆ. ಮೊದಲ ಭಾನುವಾರ ಬರುವುದರೊಳಗೆ ಅದನ್ನು ಹುಡುಕಿ ಆರಿಸಿಕೊಳ್ಳಿ.