ಕಾವಲುಗಾರನ ಕೈಯಲ್ಲೇ ಎಲ್ಲ ಕೋಣೆಯ ಬೀಗದ ಕೈ

ಇವತ್ತಿನ ಮಾತು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರಿಗೆ ಸ್ವಲ್ಪ ಹೆಚ್ಚಾಗಿ. ಹ್ಯಾಕಿಂಗ್ ಅಂದ ಕೂಡಲೇ ನಾವು ಬೆಂಗಳೂರಿನ ಕಡೆ ಕೈ ತೋರಿಸ್ತೀವಿ. ಆದರೆ ಸೈಬರ್ ಗೂಢಚಾರರು ವರ್ಷಗಟ್ಟಲೆ ಬೆನ್ನು ಬಿದ್ದಿರೋ ಒಂದು ಸಮುದಾಯ 1966ರಿಂದ ಮುಂಡಗೋಡದ ಕ್ಯಾಂಪಿನಲ್ಲೇ ಬದುಕಿದೆ. ಟಿಬೆಟನ್ನರು.

2009ರ ಮಾರ್ಚ್‌ನಲ್ಲಿ ಕೆನಡಾದ ಸಂಶೋಧಕರು 'ಘೋಸ್ಟ್‌ನೆಟ್' ಅನ್ನೋ ಬೇಹುಗಾರಿಕೆ ಜಾಲವನ್ನು ಬಯಲಿಗೆಳೆದರು. 103 ದೇಶಗಳ 1,295 ಕಂಪ್ಯೂಟರ್‌ಗಳು ಅದರ ಕೈಗೆ ಸಿಕ್ಕಿದ್ದವು. ದಲೈ ಲಾಮಾ ಕಚೇರಿಯ ಕಂಪ್ಯೂಟರ್‌ಗಳೂ ಅದರಲ್ಲಿದ್ದವು. 2012ರ ನಂತರ ಟಿಬೆಟನ್ ಸಂಸ್ಥೆಗಳಿಗೆ ಇಮೇಲ್ ಜೊತೆ ವರ್ಡ್ ಕಡತಗಳು ಬರತೊಡಗಿದವು. ತೆರೆದರೆ ಮುಗೀತು. ಅವು ಬಳಸಿಕೊಂಡಿದ್ದು ಮೈಕ್ರೋಸಾಫ್ಟ್ ತಂತ್ರಾಂಶದಲ್ಲಿದ್ದ ಒಂದು 'ಬಫರ್ ಓವರ್‌ಫ್ಲೋ' ದೋಷವನ್ನು. 'ಅಟ್ಯಾಚ್‌ಮೆಂಟ್ ಬಿಡಿ' ಅಂತ ಟಿಬೆಟನ್ ಕಾರ್ಯಕರ್ತರು ಪ್ರಚಾರ ಮಾಡಿದರು. ಬೌದ್ಧರಿಗೆ ಎರಡೂ ಅರ್ಥದಲ್ಲಿ ಹೊಂದುವ ಮಾತು!

ಏನಿದು ಬಫರ್ ಓವರ್‌ಫ್ಲೋ? ಸೊಸೈಟಿಯ ಸಾಲದ ಅರ್ಜಿ ನೆನಪಿಸಿಕೊಳ್ಳಿ. ಹೆಸರಿಗೆ 20 ಚೌಕ. ಪಕ್ಕದಲ್ಲೇ ಗುಮಾಸ್ತರು ಪೆನ್ಸಿಲ್‌ನಲ್ಲಿ ಬರೆದಿದ್ದಾರೆ, ಈ ಅರ್ಜಿ ಮುಂದೆ ಯಾವ ಟೇಬಲ್ಲಿಗೆ ಹೋಗಬೇಕು ಅಂತ. ಯಾರೋ 40 ಅಕ್ಷರ ಗೀಚಿದ. ತಡೆಯೋರಿಲ್ಲ. ಹೆಚ್ಚಾದ ಅಕ್ಷರಗಳು ಗುಮಾಸ್ತರ ಬರಹವನ್ನು ಅಳಿಸಿ ಅಲ್ಲೇ ಕೂತವು. ಈಗ ಅಲ್ಲಿ 'ತಿಜೋರಿ ಕೋಣೆಗೆ' ಅಂತಿದೆ. ಕಂಪ್ಯೂಟರ್ ಯಾಕೆ ಅಂತ ಕೇಳಲ್ಲ, ಹೋಗಿಬಿಡುತ್ತೆ. ಇಂಜಿನಿಯರಿಂಗ್‌ನಲ್ಲಿ ಸಿ ಭಾಷೆ ಓದಿದವರಿಗೆ 'ಸ್ಟ್ರಿಂಗ್ ಕಾಪಿ' ಗೊತ್ತಿರುತ್ತೆ. ಜಾಗ ಎಷ್ಟಿದೆ ಅಂತ ನೋಡದೆ ನಕಲು ಮಾಡೋ ಆಜ್ಞೆ ಅದು.

ವರ್ಡ್ ಕಡತದಲ್ಲಾದರೆ ಯಾರಾದರೂ ಕ್ಲಿಕ್ ಮಾಡಬೇಕು. ನನ್ನ ಚಿಂತೆ ನೆಟ್‌ವರ್ಕ್ ಆಡಿಟ್ ತಂತ್ರಾಂಶದ್ದು. ಕಚೇರಿಯ ಒಂದೊಂದು ಕಂಪ್ಯೂಟರನ್ನೂ ತಟ್ಟಿ, ಯಾವ ಬಾಗಿಲು ತೆರೆದಿದೆ ಅಂತ ಪರೀಕ್ಷಿಸೋ ತಂತ್ರಾಂಶ. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿರ್ತಾರೆ. ಎದುರಿನ ಯಂತ್ರ ಏನು ಉತ್ತರ ಕಳಿಸಿದರೂ ಓದೋದೇ ಅದರ ಕೆಲಸ. ಆ ಓದುವ ಜಾಗದಲ್ಲೇ ಅಳತೆ ತಪ್ಪಿದರೆ?

ಇದು ಕಲ್ಪನೆ ಅಲ್ಲ ಸ್ವಾಮಿ. 2004ರ ಮಾರ್ಚ್‌ನಲ್ಲಿ 'ವಿಟ್ಟಿ' ಅನ್ನೋ ವರ್ಮ್ ಬಂತು. ಅದು ನುಗ್ಗಿದ್ದು ಅಮೆರಿಕದ ಇಂಟರ್ನೆಟ್ ಸೆಕ್ಯುರಿಟಿ ಸಿಸ್ಟಮ್ಸ್ ಕಂಪನಿಯ ಬ್ಲ್ಯಾಕ್‌ಐಸ್, ರಿಯಲ್‌ಸೆಕ್ಯೂರ್ ಎಂಬ ಕಾವಲು ತಂತ್ರಾಂಶಗಳಲ್ಲಿದ್ದ ಬಫರ್ ಓವರ್‌ಫ್ಲೋ ಮೂಲಕ. ಹೋಗಿ ಬರೋ ಮಾಹಿತಿಯ ಮೇಲೆ ಕಣ್ಣಿಡೋಕೆ ಅಂತಲೇ ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದ ತಂತ್ರಾಂಶಗಳು. ದೋಷದ ವಿವರ ಬಹಿರಂಗವಾಗಿ ಎರಡು ದಿನ ಕಳೆಯೋದರೊಳಗೆ ದಾಳಿ. ಸುಮಾರು 12,000 ಕಂಪ್ಯೂಟರ್. ಯಾರೂ ಏನೂ ಕ್ಲಿಕ್ ಮಾಡಿರಲಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿದ್ದದ್ದನ್ನು ವರ್ಮ್ ಚೂರುಚೂರಾಗಿ ಅಳಿಸುತ್ತಾ ಹೋಯಿತು. ಕಾವಲು ಹಾಕಿಸದೆ ಇದ್ದವರು ಬಚಾವ್! ಹಾಗಂತ ಕಾವಲೇ ಬೇಡ ಅನ್ನೋದು ದಡ್ಡತನ. ಆ ದೋಷಕ್ಕೆ ಕಂಪನಿ ದಾಳಿಗೆ ಮೊದಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನಮ್ಮ ಸಣ್ಣ ಊರುಗಳ ಕಥೆ ನಿಮಗೇ ಗೊತ್ತು. ತಂತ್ರಾಂಶ ಹಾಕಿಕೊಟ್ಟು ಹುಬ್ಬಳ್ಳಿ ಬಸ್ಸು ಹತ್ತಿದ ಹುಡುಗ ಮತ್ತೆ ಬರೋದು ಪ್ರಿಂಟರ್ ಕೆಟ್ಟಾಗ. ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಫೋನಿಗೇ ಸಿಗ್ನಲ್ ಇಲ್ಲ, ಅಪ್‌ಡೇಟ್ ಎಲ್ಲಿಂದ ಅಂತೀರಿ. ನ್ಯಾಯವಾದ ಮಾತು. ಆದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಇಂಥ ದೋಷಗಳ ಎಚ್ಚರಿಕೆ ಹೊರಡಿಸ್ತಾನೇ ಇರುತ್ತೆ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು ಅಂತ 2022ರಲ್ಲೇ ಅದು ಆದೇಶಿಸಿದೆ. ಆ ನಿಯಮ ಹುಬ್ಬಳ್ಳಿ ಹುಡುಗನಿಗಾಗಿ ಕಾಯಲ್ಲ.

ಅವನು ಮುಂದಿನ ಸಲ ಬಂದಾಗ ಕೂರಿಸಿ ಕೇಳಿ: ಈ ಆಡಿಟ್ ತಂತ್ರಾಂಶ ಯಾವ ಆವೃತ್ತಿ? ಕೊನೆಯ ಅಪ್‌ಡೇಟ್ ಯಾವಾಗ ಹಾಕಿದೆ? ಇದಕ್ಕೆ ಅಡ್ಮಿನ್ ಪಾಸ್‌ವರ್ಡ್ ಯಾಕೆ ಬೇಕು? ಹೊರಗಿನ ಇಂಟರ್ನೆಟ್‌ನಿಂದ ಇದನ್ನು ಮುಟ್ಟಬಹುದಾ? ಪ್ರಿಂಟರ್ ಆಮೇಲೆ ನೋಡಲಿ.