ಚಾಕೊಲೇಟ್ ತೊಟ್ಟ ತೆಂಗಿನಕಾಯಿ

ತೆಂಗಿನ ತುರಿಯನ್ನು ಸಕ್ಕರೆ ಪಾಕದಲ್ಲಿ ಕಲೆಸಿ ಕಟ್ಟಿ, ಮೇಲೆ ಇಡೀ ಬಾದಾಮಿ ಒತ್ತಿ, ಹಾಲಿನ ಚಾಕೊಲೇಟಿನ ಹೊದಿಕೆ ಕೊಟ್ಟ ತಿನಿಸು 1946ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಅದರ ಹೆಸರು ಆಲ್ಮಂಡ್ ಜಾಯ್. ಹೊದಿಕೆ ಕಳಚಿ ಬಾದಾಮಿ ತೆಗೆದಿಟ್ಟರೆ ಒಳಗೆ ಉಳಿಯುವುದು ಕಾರವಾರ, ಅಂಕೋಲೆಯ ಮನೆಮನೆಯೂ ಬಲ್ಲ ಕಾಯಿ ವಡಿಯೇ. ಕರಾವಳಿಯ ಮೀನುಗಾರರು ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಕಾರವಾರದ ಬೈತಖೋಲ ಬಂದರಿನ ಸುತ್ತ ಆ ಹಬ್ಬದ ಅಡುಗೆಯೂ ಕಾಯಿಯದ್ದೇ. ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಕಡಲೆಬೇಳೆ, ಕಾಯಿ ಅರೆದು ಕಾಸುವ ದೊಸ್, ಕಾಯಿತುರಿಯ ಕೊಕಾಡ ತಪ್ಪುವುದಿಲ್ಲ.

ಹಸಿ ಕಾಯಿತುರಿಗೆ ಆಯುಷ್ಯ ಕಡಿಮೆ. ಎರಡು ದಿನ ಕಳೆದರೆ ಕಮಟು ವಾಸನೆ ಶುರುವಾಗುತ್ತದೆ. ತೆಂಗಿನ ಸಿಹಿ ಊರು ಬಿಟ್ಟು ಊರಿಗೆ ಹೋಗಬೇಕಾದರೆ ತುರಿಯ ನೀರನ್ನೆಲ್ಲ ಒಣಗಿಸಬೇಕು. ಆ ಉದ್ಯಮ ಅಮೆರಿಕದಲ್ಲಿ ಬೇರೂರಿದ್ದಕ್ಕೆ ಕಾರಣ ಒಂದು ಬಾರದ ಬಾಕಿ. ಫಿಲಡೆಲ್ಫಿಯಾದ ಹಿಟ್ಟಿನ ವ್ಯಾಪಾರಿ ಫ್ರಾಂಕ್ಲಿನ್ ಬೇಕರ್ 1890ರ ದಶಕದಲ್ಲಿ ಕ್ಯೂಬಾಕ್ಕೆ ಗೋಧಿಹಿಟ್ಟು ಕಳಿಸಿದ್ದ. ಅಲ್ಲಿಂದ ಹಣ ಬರಲಿಲ್ಲ, ಹಡಗಿನ ತುಂಬ ತೆಂಗಿನಕಾಯಿ ಬಂತು. ಕೊಳ್ಳುವವರು ಸಿಗಲಿಲ್ಲ. ಕೊನೆಗೆ ಆತ ಕಾಯಿ ಒಡೆದು, ತುರಿದು, ಒಣಗಿಸಿ ಮಾರುವ ದಾರಿ ಹುಡುಕಿದ. ಮುಂದೆ ಹಿಟ್ಟಿನ ವ್ಯಾಪಾರವನ್ನೇ ಬಿಟ್ಟು ತೆಂಗಿಗೆ ಅಂಟಿಕೊಂಡ.

ಒಣ ತುರಿಗೆ ಚಾಕೊಲೇಟ್ ತೊಡಿಸಿ ಹೆಸರು ಮಾಡಿದವನು ಪೀಟರ್ ಪಾಲ್ ಹಲಾಜಿಯನ್. ತೆಂಗಿನ ಮರವೇ ಬೆಳೆಯದ ಅರ್ಮೇನಿಯನ್ನರ ನಾಡಿನಿಂದ, ಆಗಿನ ಟರ್ಕಿಯ ಆಳ್ವಿಕೆಯಿಂದ ವಲಸೆ ಬಂದವನು. ಕನೆಕ್ಟಿಕಟ್ ಪ್ರಾಂತದ ರಬ್ಬರ್ ಕಾರ್ಖಾನೆಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ಮನೆಯಲ್ಲೇ ಮಿಠಾಯಿ ಮಾಡಿ ಮನೆಮನೆಗೆ ಹೊತ್ತು ಮಾರಿದ. ಅಮೆರಿಕನ್ನರಿಗೆ ಹಲಾಜಿಯನ್ ಎನ್ನುವುದು ನಾಲಿಗೆಗೆ ಹೊರಳದಾದಾಗ ಬರೀ ಪೀಟರ್ ಪಾಲ್ ಆದ. 1919ರಲ್ಲಿ ತನ್ನಂತೆಯೇ ನಾಡು ಬಿಟ್ಟು ಬಂದ ಅರ್ಮೇನಿಯನ್ ಗೆಳೆಯರನ್ನು ಕೂಡಿಸಿಕೊಂಡು ನ್ಯೂ ಹೇವನ್ ನಗರದಲ್ಲಿ ಕಂಪನಿ ತೆರೆದ. ಶೈತ್ಯಯಂತ್ರಕ್ಕೆ ಹಣವಿರಲಿಲ್ಲ. ಚಾಕೊಲೇಟ್ ಕರಗಬಾರದೆಂದು ರಾತ್ರಿಯ ತಂಪಿನಲ್ಲಿ ಕೆಲಸ ಮಾಡಿ, ಬೆಳಗಾಗುತ್ತಲೇ ಮಾರಾಟಕ್ಕೆ ಹೊರಡುತ್ತಿದ್ದರು. ಹೀಗೆ ನಿದ್ದೆಗೆಟ್ಟು ದುಡಿದವರ ಕೈಯಿಂದ 1920ರ ಸುಮಾರಿಗೆ ಬಂದದ್ದು ಮೌಂಡ್ಸ್: ಒಳಗೆ ತೆಂಗು, ಹೊರಗೆ ಕಹಿ ಮಿಶ್ರಿತ ಕಪ್ಪು ಚಾಕೊಲೇಟ್. ಹಲಾಜಿಯನ್ 1927ರಲ್ಲಿ ತೀರಿಕೊಂಡ. ಬಾದಾಮಿ ಇಟ್ಟ ಆಲ್ಮಂಡ್ ಜಾಯ್ ಅವನ ಕಣ್ಣಿಗೆ ಬೀಳಲೇ ಇಲ್ಲ.

ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಫಿಲಿಪ್ಪೀನ್ಸನ್ನು ಹಿಡಿದಾಗ ತೆಂಗಿನ ತುರಿ ಬರುವ ದಾರಿ ಮುಚ್ಚಿತು. ಕಂಪನಿ ಕೆರಿಬಿಯನ್ ದ್ವೀಪಗಳಿಂದ ಕಾಯಿ ತರಿಸಿತು. ತಯಾರಾದ ಬಹುಪಾಲು ಮಿಠಾಯಿ ಸೈನಿಕರಿಗೆ ಹೋಯಿತು. ಯುದ್ಧ ಮುಗಿದ ಮರುವರ್ಷವೇ ಆಲ್ಮಂಡ್ ಜಾಯ್. 1951ರಲ್ಲಿ ಬ್ರಿಟನ್ನಿನಲ್ಲಿ ಬೌಂಟಿ ಎಂಬ ಇಂಥದೇ ತಿನಿಸು ಬಂತು, ಅದರಲ್ಲಿ ಬಾದಾಮಿ ಇಲ್ಲ. ಪೀಟರ್ ಪಾಲ್ ಕಂಪನಿ 1978ರಲ್ಲಿ ಕ್ಯಾಡ್ಬರಿ ಜೊತೆ ಸೇರಿತು, 1988ರಲ್ಲಿ ಈ ಮಿಠಾಯಿಗಳು ಹರ್ಷೀಸ್ ಪಾಲಾದವು.

ಆ ಹೊತ್ತಿಗೆ ಕೋಕೋ ಕೂಡ ಪಶ್ಚಿಮ ಕರಾವಳಿಯ ತೋಟಗಳಿಗೆ ಇಳಿದಿತ್ತು. ಅಮೆಜಾನ್ ಕಾಡಿನ ಈ ಗಿಡಕ್ಕೆ ನೆರಳು ಬೇಕು, ತೇವ ಬೇಕು. ಅಡಿಕೆ, ತೆಂಗಿನ ಸಾಲುಗಳ ನಡುವೆ ಎರಡೂ ಸಿಗುತ್ತವೆ. ಕಾಯಿ ಒಡೆದು ಬೀಜವನ್ನು ಲೋಳೆಯ ಸಮೇತ ಐದಾರು ದಿನ ರಾಶಿ ಹಾಕಿ ಹುಳಿ ಬರಿಸಿ, ಆಮೇಲೆ ಒಣಗಿಸಬೇಕು. ಚಾಕೊಲೇಟಿನ ಪರಿಮಳಕ್ಕೆ ಬುನಾದಿ ಬೀಳುವುದು ಆ ಐದಾರು ದಿನಗಳಲ್ಲೇ. 1970ರ ದಶಕದಲ್ಲಿ ದಕ್ಷಿಣ ಕನ್ನಡ, ಕಾಸರಗೋಡಿನ ರೈತರು ಉತ್ಸಾಹದಿಂದ ಕೋಕೋ ನೆಟ್ಟರು. ದಶಕ ಮುಗಿಯುವಷ್ಟರಲ್ಲಿ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಫಲ ಕೊಡುತ್ತಿದ್ದ ಗಿಡಗಳನ್ನು ರೈತರು ಕಡಿದು ಹಾಕಿದರು. ಕರಾವಳಿಯ ಕೃಷಿಯಲ್ಲಿ ಅಂಥ ನೋವಿನ ಕಾಲ ಹೆಚ್ಚಿಲ್ಲ.

ಆಗ ಮುಂದೆ ಬಂದದ್ದು ಕ್ಯಾಂಪ್ಕೋ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಸ್ಥಾಪಕ ಅಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್ಟರು. ಸಂಸ್ಥೆ ಕೋಕೋ ಖರೀದಿಗೆ ಇಳಿಯಿತು. ಬರೀ ಬೀಜ ಕೊಂಡು ಮಾರಿದರೆ ರೈತ ಮತ್ತೆ ಪರದೇಶದ ಬೆಲೆಯ ಕೈಗೆ ಸಿಗುತ್ತಾನೆ. ಅದನ್ನು ತಪ್ಪಿಸಲು 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯೇ ಎದ್ದಿತು. ಬೆಳೆಗಾರನೇ ಒಡೆಯನಾದ ಚಾಕೊಲೇಟ್ ಕಾರ್ಖಾನೆ! ಹಲಾಜಿಯನ್ ಸಾಹಸಕ್ಕೆ ಸರಿಸಾಟಿಯಾಗಿ ನಿಲ್ಲುವ ಕೆಲಸ ಇದು, ಪಠ್ಯಪುಸ್ತಕದಲ್ಲಿ ಇರಬೇಕಾದದ್ದು.

ಇನ್ನು ಬಾದಾಮಿಯ ಮಾತು. ಕಾರವಾರದ ಕಡಲದಂಡೆಯಲ್ಲಿ ಮಕ್ಕಳು ಕಲ್ಲಿನಿಂದ ಜಜ್ಜಿ ತಿನ್ನುವ ಬಾದಾಮಿ ಬೇರೆಯೇ ಮರದ್ದು. ಆಲ್ಮಂಡ್ ಜಾಯ್‌ನ ಬಾದಾಮಿಗೆ ಚಳಿಗಾಲ ಬೇಕು, ಅದು ಈ ಮಣ್ಣಿನಲ್ಲಿ ಆಗದು. ಆದರೆ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೇರು ಅಂಕೋಲೆಯ ಗುಡ್ಡಗಳಲ್ಲಿ ಧಾರಾಳವಾಗಿದೆ, ತೆಂಗು ಹಿತ್ತಲಲ್ಲೇ ಇದೆ, ಅಡಿಕೆ ತೋಟದ ನೆರಳಿನಲ್ಲಿ ಕೋಕೋಗೆ ಜಾಗವೂ ಇದೆ. ಉತ್ತರ ಕನ್ನಡದ ಸಹಕಾರಿ ಸಂಘಗಳೂ ಮಹಿಳಾ ಸ್ವಸಹಾಯ ಗುಂಪುಗಳೂ ಕಾಯಿ ವಡಿಗೆ ಗೇರುಬೀಜ ಒತ್ತಿ, ಪುತ್ತೂರಿನ ಚಾಕೊಲೇಟ್ ತೊಡಿಸಿ ಮಾರುಕಟ್ಟೆಗೆ ತರಲಿ.